ಕ್ಲಿಪ್ ತೆಗೆದ ಮೇಲೆ

ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸುವುದು ಈಗ ಹೊಸ ಸಂಗತಿಯೇನಲ್ಲ. ಯಾವ ಶಾಲೆಯ ಗೇಟಿನ ಮುಂದೆ ನಿಂತರೂ ಒಬ್ಬಿಬ್ಬರು ಮಕ್ಕಳ ಬಾಯಲ್ಲಿ ತಂತಿ ಮಿನುಗುವುದು ಕಾಣುತ್ತದೆ. ಹಾಕಿಸುವಾಗ ಅಪ್ಪ ಅಮ್ಮ ನೂರು ಪ್ರಶ್ನೆ ಕೇಳುತ್ತಾರೆ. ನೋವಾಗುತ್ತದಾ, ಊಟ ಮಾಡುವುದು ಹೇಗೆ, ಎಷ್ಟು ಸಮಯ ಬೇಕು? ತೆಗೆದ ಮೇಲೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. ದಾಮೋದರ ವಕೀಲರೂ ಕೇಳಲಿಲ್ಲ. ಕೋರ್ಟಿನಲ್ಲಿ ಪ್ರಶ್ನೆ ಕೇಳುವುದೇ ಅವರ ಕೆಲಸವಾಗಿತ್ತು, ಆದರೂ ಕೇಳಲಿಲ್ಲ.

ದಾಮೋದರರ ಊರು ಕಾಸರಗೋಡಿನ ಕಡೆ. ಕೊಚ್ಚಿಗೆ ಬಂದು ವಕೀಲಿಕೆ ಶುರುಮಾಡಿ ಬಹಳ ಕಾಲವಾಗಿತ್ತು. ಮನೆ ಕಲೂರಿನಲ್ಲಿ, ಸ್ಟೇಡಿಯಮ್ಮಿನ ಹಿಂದಿನ ಬೀದಿಯ ಒಂದು ಫ್ಲ್ಯಾಟು. ಹೆಂಡತಿ ಸೌದಾಮಿನಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಉದ್ಯೋಗಿ. ಒಬ್ಬಳೇ ಮಗಳು ನಿಶ್ಮಿತಾ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಮಗಳ ಉತ್ತರ ಅರ್ಧ ಮಲಯಾಳ, ಅರ್ಧ ಇಂಗ್ಲಿಷ್. ತೀರಾ ಬೇಕಾದ ವಿಷಯ ಏನಾದರೂ ಇದ್ದರೆ ಮಾತ್ರ ಪೂರ್ತಿ ಕನ್ನಡ.

ನಿಶ್ಮಿತಾಳ ಮೇಲಿನ ಹಲ್ಲುಗಳು ಚಿಕ್ಕಂದಿನಿಂದಲೂ ಮುಂದಕ್ಕೆ ಚಾಚಿದ್ದವು. ಬರೀ ಚಂದದ ಮಾತಾಗಿದ್ದರೆ ದಾಮೋದರರು ಕ್ಲಿಪ್ ಹಾಕಿಸಲು ಒಪ್ಪುವವರಲ್ಲ. ಆದರೆ ಬಾಯಿ ಮುಚ್ಚಿದಾಗ ಅವಳ ಕೆಳಗಿನ ಹಲ್ಲುಗಳು ಹೋಗಿ ಅಂಗುಳಕ್ಕೆ ಚುಚ್ಚುತ್ತಿದ್ದವು. ಗಟ್ಟಿಯಾದದ್ದನ್ನು ಕಚ್ಚಿದರೆ ಅಲ್ಲೇ ಗಾಯ. ಗಾಯ ಒಣಗುವಷ್ಟರಲ್ಲಿ ಮತ್ತೊಂದು ಗಾಯ. ನಗು ಬಂದರೆ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತಿತ್ತು. ಎಡಪ್ಪಳ್ಳಿಯ ದಂತ ವೈದ್ಯರು ನೋಡಿ, "ಇದನ್ನು ಹೀಗೇ ಬಿಟ್ಟರೆ ಮುಂದೆ ಒಸಡೂ ಹಾಳು, ಹಲ್ಲೂ ಹಾಳು" ಎಂದರು. ಹೈಸ್ಕೂಲಿನಲ್ಲಿ ಹಾಕಿದ ಕ್ಲಿಪ್ಪು ಪ್ಲಸ್ ಟು ಮುಗಿಯುವವರೆಗೂ ಇತ್ತು.

ಅದನ್ನು ತೆಗೆದ ದಿನ ಸೌದಾಮಿನಿ ಕಚೇರಿಗೆ ರಜೆ ಹಾಕಲಿಲ್ಲ. ದಾಮೋದರರೇ ಮಗಳನ್ನು ಕರೆದುಕೊಂಡು ಹೋದರು. ವೈದ್ಯರು ತಂತಿ ಬಿಡಿಸಿ, ಹಲ್ಲಿಗೆ ಅಂಟಿದ್ದ ಗೋಂದನ್ನೆಲ್ಲ ಉಜ್ಜಿ ತೆಗೆದು, ನಿಶ್ಮಿತಾಳ ಕೈಗೆ ಕನ್ನಡಿ ಕೊಟ್ಟರು. ಆಮೇಲೆ ಒಂದು ಡಬ್ಬಿ ತೆರೆದು, "ಇದು ರಿಟೇನರ್. ಇನ್ನು ಮುಂದಿನದ್ದು ಗಮನ ಕೊಟ್ಟು ಕೇಳಬೇಕು" ಎಂದು ಶುರುಮಾಡಿದರು. ಅಷ್ಟರಲ್ಲಿ ದಾಮೋದರರ ಫೋನು ರಿಂಗಾಯಿತು. ಕಕ್ಷಿದಾರನೊಬ್ಬನ ತುರ್ತು. ಅವರು ಹೊರಗೆ ಹೋದರು. ಮಾತು ಮುಗಿಸಿ ಒಳಗೆ ಬಂದಾಗ ವೈದ್ಯರು, "ಎಲ್ಲ ಮಗಳಿಗೆ ಹೇಳಿದ್ದೇನೆ" ಎಂದರು. ಮಗಳು ಇನ್ನೂ ಕನ್ನಡಿ ಕೆಳಗಿಟ್ಟಿರಲಿಲ್ಲ.

ಕಾರಿನಲ್ಲಿ ದಾಮೋದರರು ಕೇಳಿದರು. "ಡಾಕ್ಟ್ರು ಎಂತ ಹೇಳಿದ್ರು?"

"ಇದನ್ನ ಹಾಕ್ಕೊಳ್ಬೇಕಂತೆ."

"ಎಷ್ಟು ದಿನ?"

"ಕೊರಚ್ಚು ದಿವಸಂ," ಎಂದಳು ನಿಶ್ಮಿತಾ. ಸ್ವಲ್ಪ ದಿನ. ವೈದ್ಯರು ಹಾಗೆ ಹೇಳಿರಲಿಲ್ಲ. ಆದರೆ ಆ ಕ್ಷಣದಲ್ಲಿ ಅವಳಿಗೆ ಬೇಕಾಗಿದ್ದ ಉತ್ತರ ಅದೇ, ಅಪ್ಪನಿಗೆ ಬೇಕಾಗಿದ್ದದ್ದೂ ಅದೇ.

ಡಬ್ಬಿಯಲ್ಲಿ ಗಾಜಿನಂತೆ ಪಾರದರ್ಶಕವಾದ ಎರಡು ತೆಳು ಪ್ಲಾಸ್ಟಿಕ್ ತಟ್ಟೆಗಳಿದ್ದವು. ಒಂದು ಮೇಲಿನ ಹಲ್ಲಿನ ಅಚ್ಚು, ಇನ್ನೊಂದು ಕೆಳಗಿನದ್ದು. ಹಾಕಿಕೊಂಡರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಮಾತಾಡಿದರೆ ಗೊತ್ತಾಗುತ್ತಿತ್ತು. ಬಾಯಿ ತುಂಬ ಎಂಜಲು. 'ಸ' ಹೇಳಲು ಹೋದರೆ 'ಥ' ಬರುತ್ತಿತ್ತು. ಊಟದ ಮೇಜಿನಲ್ಲಿ ಅವಳು ಸಾಂಬಾರು ಕೇಳಿದ ರೀತಿಗೆ ಮೂವರೂ ನಕ್ಕರು.

ಜುಲೈಯಲ್ಲಿ ನಿಶ್ಮಿತಾ ತಿರುವನಂತಪುರದ ಕಾಲೇಜೊಂದಕ್ಕೆ ಪತ್ರಿಕೋದ್ಯಮ ಓದಲು ಸೇರಿದಳು. ಉಳ್ಳೂರಿನಲ್ಲಿ ಹಾಸ್ಟೆಲ್. ಕಾಲೇಜಿಗೆ ಅದರದೇ ಒಂದು ಪುಟ್ಟ ರೇಡಿಯೊ ಇತ್ತು. ಸಂಜೆ ಹೊತ್ತು ವಿದ್ಯಾರ್ಥಿಗಳೇ ವಾರ್ತೆ ಓದುತ್ತಿದ್ದರು. ಆ ಮೈಕಿನ ಮುಂದೆ ಕೂರಬೇಕೆಂಬುದು ಅವಳ ದೊಡ್ಡ ಆಸೆ. ಅದಕ್ಕೆ ಮುಂದಿನ ವಾರ ಒಂದು ಧ್ವನಿಪರೀಕ್ಷೆ ಇತ್ತು. ಅವಳು ಮನೆಗೆ ಫೋನ್ ಮಾಡಿದಳು.

"ಅಪ್ಪ, ಇದು ಬಾಯಲ್ಲಿದ್ರೆ ವಾರ್ತೆ ಓದ್ಲಿಕ್ಕೆ ಆಗೋದಿಲ್ಲ. 'ನಮಸ್ಕಾರಂ' ಅಂತ ಶುರು ಮಾಡ್ಬೇಕಲ್ಲ, 'ನಮಥ್ಕಾರಂ' ಆಗ್ತದೆ."

"ಹಾಗಾದ್ರೆ ತೆಗೆದಿಡು. ಪರೀಕ್ಷೆ ಮುಗಿಯುವ ತನಕ."

ಪಕ್ಕದಲ್ಲಿದ್ದ ಸೌದಾಮಿನಿ, "ಡಾಕ್ಟ್ರ ಹತ್ರ ಒಂದು ಮಾತು ಕೇಳ್ಬಹುದಿತ್ತು" ಎಂದಳು.

"ಇದಕ್ಕೂ ಡಾಕ್ಟ್ರಾ? ವರ್ಷಗಟ್ಟಲೆ ಕ್ಲಿಪ್ ಹಾಕಿ ಕೂರಿಸಿದ ಹಲ್ಲು ಒಂದು ವಾರದಲ್ಲಿ ಎದ್ದು ನಡೀತದಾ?" ಎಂದರು ದಾಮೋದರರು. ಮಾತು ಚೆನ್ನಾಗಿತ್ತು. ಆ ಕಡೆ ಮಗಳು ನಕ್ಕಳು, ಈ ಕಡೆ ಹೆಂಡತಿ ಸುಮ್ಮನಾದಳು.

ನಿಶ್ಮಿತಾ ಧ್ವನಿಪರೀಕ್ಷೆಯಲ್ಲಿ ಆಯ್ಕೆಯಾದಳು. ವಾರ ಕಳೆಯಿತು. ಡಬ್ಬಿ ಹಾಸ್ಟೆಲಿನ ಕಪಾಟಿನಲ್ಲಿ, ಬಟ್ಟೆಗಳ ಹಿಂದೆ ಹೋಯಿತು. ಓಣಂ ರಜೆಗೆ ಅವಳು ಮನೆಗೆ ಬಂದಾಗ ದಾಮೋದರರು ಮಗಳ ಬಾಯಿ ನೋಡಿ ಹೆಂಡತಿಗೆ ಹೇಳಿದರು. "ನೋಡು, ಎಂತ ಆಗಿದೆ? ಎಲ್ಲ ಸರಿಯಾಗಿಯೇ ಉಂಟಲ್ಲ." ಬರಿಗಣ್ಣಿಗೆ ನಿಜಕ್ಕೂ ಏನೂ ಕಾಣುತ್ತಿರಲಿಲ್ಲ. ಹಲ್ಲು ಜರುಗುವುದು ಕೂದಲೆಳೆಯಷ್ಟು, ಅದೂ ಸದ್ದಿಲ್ಲದೆ.

ಡಿಸೆಂಬರಿನ ಮೊದಲಿಗೆ ದಾಮೋದರರಿಗೆ ತಿರುವನಂತಪುರದ ಕೋರ್ಟಿನಲ್ಲಿ ಒಂದು ಕೆಲಸ ಬಂತು. ಮಧ್ಯಾಹ್ನದೊಳಗೆ ಮುಗಿಸಿ, ಉಳ್ಳೂರಿನ ಹೋಟೆಲೊಂದರಲ್ಲಿ ಮಗಳ ಜೊತೆ ಊಟಕ್ಕೆ ಕೂತರು. ನಿಶ್ಮಿತಾಗೆ ಪೊರೋಟ ಎಂದರೆ ಪ್ರಾಣ. ಆ ದಿನ ಅವಳು ಪೊರೋಟವನ್ನು ಸಣ್ಣ ಸಣ್ಣ ಚೂರು ಮಾಡಿ, ಸಾರಿನಲ್ಲಿ ಅದ್ದಿ, ಒಂದು ದವಡೆಯಲ್ಲಿ ಮೆಲ್ಲಗೆ ಅಗಿಯುತ್ತಿದ್ದಳು. ದಾಮೋದರರು ಕೋರ್ಟಿನಲ್ಲಿ ನಡೆದ ಒಂದು ತಮಾಷೆ ಹೇಳಿದರು. ಅವಳಿಗೆ ನಗು ಬಂತು. ಕೈ ಬಾಯಿಗೆ ಅಡ್ಡ ಹೋಯಿತು.

ಅವರು ತಿನ್ನುವುದನ್ನು ನಿಲ್ಲಿಸಿದರು.

"ಎಂತಾಯ್ತು ನಿನ್ನ ಬಾಯಿಗೆ?"

"ಒನ್ನುಮಿಲ್ಲ." ಏನೂ ಇಲ್ಲ.

"ಕೈ ತೆಗಿ, ನೋಡುವ."

ಅವಳು ಕೈ ತೆಗೆದಳು. ಮೇಲಿನ ಎರಡು ಹಲ್ಲುಗಳು ಮತ್ತೆ ಮುಂದೆ ಬಂದಿದ್ದವು. ಮೊದಲಿನಷ್ಟಲ್ಲ, ಆದರೆ ಗೊತ್ತಾಗುವಷ್ಟು. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಓರೆಯಾಗಿ ಒರಗಿತ್ತು. ಅಂಗುಳದಲ್ಲಿ ಗಾಯವೂ ಇತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ರಕ್ತ ಬರುತ್ತಿತ್ತಂತೆ.

ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಓಣಂ ಮುಗಿಸಿ ಹಾಸ್ಟೆಲಿಗೆ ಮರಳಿದ ಮೇಲೆ ಅವಳಿಗೆ ಹಲ್ಲಿನ ಬಗ್ಗೆ ಅನುಮಾನ ಬಂದಿತ್ತು. ಡಬ್ಬಿ ಹುಡುಕಿ ತೆರೆದರೆ ರಿಟೇನರ್ ಮೇಲೆ ಬಿಳಿ ಕಿಟ್ಟ ಕಟ್ಟಿ, ವಾಸನೆ ಬರುತ್ತಿತ್ತು. ಚೆನ್ನಾಗಿ ಶುದ್ಧ ಮಾಡಬೇಕೆಂದು ಕೆಟಲಿನಲ್ಲಿ ನೀರು ಕುದಿಸಿ ಸುರಿದಳು. ತೆಳು ಪ್ಲಾಸ್ಟಿಕ್ಕು ಅವಳ ಕಣ್ಣೆದುರೇ ಸುರುಟಿಕೊಂಡಿತು. ಆದರೂ ಬಾಯಿಗೆ ಹಾಕಿ, ಕಚ್ಚಿ ಕಚ್ಚಿ ಕೂರಿಸಲು ನೋಡಿದಳು. ಚಟ್ಟೆಂದು ಬಿರುಕು ಬಿಟ್ಟಿತು. ಮತ್ತೆ ಅದನ್ನು ಮುಟ್ಟಲಿಲ್ಲ.

"ಆಗಲೇ ಯಾಕೆ ಹೇಳ್ಲಿಲ್ಲ ಮಗಳೇ?"

ನಿಶ್ಮಿತಾ ತಟ್ಟೆ ನೋಡುತ್ತ ಕನ್ನಡದಲ್ಲೇ ಹೇಳಿದಳು. "ತೆಗೆದಿಡು ಅಂತ ಹೇಳಿದ್ದು ನೀವು. ಈಗ ಹೀಗಾಯ್ತು ಅಂದ್ರೆ ನಿಮಗೆ ಬೇಜಾರಾಗ್ತದೆ ಅಂತ."

ಉತ್ತರ ಹೊಳೆಯದಾಗ ದಾಮೋದರರಿಗೆ ಸಿಟ್ಟು ಬರುವುದು ವಾಡಿಕೆ. ಸಿಟ್ಟು ಎಡಪ್ಪಳ್ಳಿಯ ವೈದ್ಯರ ಮೇಲೆ ತಿರುಗಿತು. ಎಂಥಾ ಚಿಕಿತ್ಸೆ ಇದು, ಇಷ್ಟು ಬೇಗ ಹಲ್ಲು ಮೊದಲಿನಂತೆಯೇ ಆಗುವುದಾದರೆ? ನೋಟೀಸು ಕೊಡಬೇಕು ಎಂದುಕೊಂಡರು. ಅದಕ್ಕೆ ಮೊದಲು ಬೇರೊಬ್ಬ ವೈದ್ಯರ ಅಭಿಪ್ರಾಯ ಬೇಕಿತ್ತು.

ತಿರುವನಂತಪುರದ ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಅವರಿಗೆ ಡಾಕ್ಟರ್ ಅನ್ವಿತಾ ಪರಿಚಯವಾಗಿದ್ದರು. ಮೈಸೂರಿನವರು. ಗಂಡನ ಬ್ಯಾಂಕ್ ಕೆಲಸದಿಂದ ತಿರುವನಂತಪುರಕ್ಕೆ ಬಂದು, ಉಳ್ಳೂರು ಜಂಕ್ಷನ್ನಿನ ಹತ್ತಿರ ಹಲ್ಲು ಸರಿಪಡಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ದಾಮೋದರರು ಫೋನ್ ಮಾಡಿ, ಮಗಳನ್ನು ನೇರ ಅಲ್ಲಿಗೆ ಕರೆದುಕೊಂಡು ಹೋದರು.

ಅನ್ವಿತಾ ನಿಶ್ಮಿತಾಳ ಬಾಯಿ ನೋಡಿ ದೀಪ ಆರಿಸಿದರು. "ರಿಟೇನರ್ ಹಾಕ್ಕೊಂಡಿಲ್ಲ. ಅಲ್ವಾ?"

"ಅದಿರಲಿ ಡಾಕ್ಟ್ರೇ," ಎಂದರು ದಾಮೋದರರು ಕುರ್ಚಿಯ ತುದಿಗೆ ಬಂದು. "ನನಗೆ ಒಂದು ವಿಷಯ ಹೇಳಿ. ಹಲ್ಲು ಸರಿ ಮಾಡಿದ್ದು ಹೌದೋ ಅಲ್ವೋ? ಸರಿಯಾದ ಹಲ್ಲು ಸರಿಯಾಗಿಯೇ ಇರ್ಬೇಕಲ್ಲ?"

"ಇರಲ್ಲ ಸಾರ್. ನಾವು ಹಿಡಿದಿಟ್ಟರೆ ಇರತ್ತೆ."

"ಅದು ಹೇಗೆ?"

"ಹಲ್ಲು ಎಲುಬಿನೊಳಗೆ ಮೊಳೆ ಹೊಡೆದ ಹಾಗೆ ಕೂತಿರಲ್ಲ. ಪ್ರತಿ ಹಲ್ಲಿನ ಸುತ್ತ ನಾರಿನಂಥ ಎಳೆಗಳು ಇರತ್ತೆ. ಅವು ಅದನ್ನ ಒಸಡಿಗೂ ಎಲುಬಿಗೂ ಕಟ್ಟಿ ಹಿಡಿದಿರತ್ತೆ. ಕ್ಲಿಪ್ ಹಾಕಿ ನಾವು ಹಲ್ಲನ್ನ ಬೇರೆ ಜಾಗಕ್ಕೆ ತರ್ತೀವಿ. ಆ ಎಳೆಗಳು ಮಾತ್ರ ಹಳೇ ಜಾಗದ ಕಡೆಗೇ ಎಳೀತಾ ಇರತ್ತೆ. ಸುತ್ತ ಎಲುಬು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಎಳೆಗಳು ಹೊಸ ಜಾಗಕ್ಕೆ ಒಗ್ಗೋಕೆ ಅದಕ್ಕಿಂತಲೂ ಜಾಸ್ತಿ. ಅಲ್ಲೀವರೆಗೆ ಹಲ್ಲನ್ನ ಹಿಡಿದಿಡೋಕೆ ರಿಟೇನರ್ ಬಿಟ್ಟರೆ ಬೇರೆ ಏನೂ ಇಲ್ಲ."

"ಹಾಗಾದ್ರೆ ಎಲ್ಲ ಗಟ್ಟಿಯಾದ ಮೇಲೆ ಬಿಡಬಹುದಲ್ಲ?"

"ಶುರುವಿನಲ್ಲಿ ಊಟ ಮಾಡುವಾಗ, ಹಲ್ಲುಜ್ಜುವಾಗ ಬಿಟ್ಟು ಉಳಿದ ಹೊತ್ತೆಲ್ಲ ಹಾಕ್ಕೋಬೇಕು. ಆಮೇಲೆ ಡಾಕ್ಟರು ನೋಡಿ, ಇನ್ನು ಮಲಗುವಾಗ ಮಾತ್ರ ಸಾಕು ಅಂತ ಹೇಳ್ತಾರೆ. ಅದನ್ನ ಡಾಕ್ಟರು ಹೇಳಬೇಕು, ನಾವೇ ತೀರ್ಮಾನ ಮಾಡೋದಲ್ಲ. ಮಲಗುವಾಗ ಹಾಕೋದನ್ನ ಮಾತ್ರ ಬಿಡೋ ಹಾಗಿಲ್ಲ."

"ಎಷ್ಟು ಕಾಲ?"

"ಹಲ್ಲು ನೆಟ್ಟಗಿರಬೇಕು ಅಂತ ಎಷ್ಟು ಕಾಲ ಅನ್ನಿಸತ್ತೋ ಅಷ್ಟು ಕಾಲ. ವಯಸ್ಸಾಗ್ತಾ ಆಗ್ತಾ ಹಲ್ಲು ಸ್ವಲ್ಪ ಸ್ವಲ್ಪ ಜರುಗೋದು ಎಲ್ಲರಿಗೂ ಇದ್ದದ್ದೇ ಸಾರ್. ಕ್ಲಿಪ್ ಹಾಕಿಸದವರಿಗೂ."

ದಾಮೋದರರು ಕೋರ್ಟಿನಲ್ಲಿ ಎದುರು ಸಾಕ್ಷಿಗೆ ಕೇಳುವ ಧಾಟಿಯಲ್ಲಿ ಕೇಳಿದರು. "ಇದನ್ನ ಮಾರುವವರು ನೀವು. ಹಾಗಾಗಿ ಹೇಳ್ತಾ ಇರೋದಲ್ಲ ತಾನೇ?"

"ಅಪ್ಪ!" ಎಂದಳು ನಿಶ್ಮಿತಾ.

ಅನ್ವಿತಾ ಬೇಸರ ಮಾಡಿಕೊಳ್ಳಲಿಲ್ಲ. ತಮ್ಮ ಕೈಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಇದು ನಂದು. ನಾನು ಕಾಲೇಜಿನಲ್ಲಿದ್ದಾಗ ಕ್ಲಿಪ್ ಹಾಕಿಸ್ಕೊಂಡಿದ್ದೆ. ಈಗ ನನ್ನ ಮಗ ಶಾಲೆಗೆ ಹೋಗ್ತಾನೆ. ಇವತ್ತು ಮೈಸೂರಿಗೆ ಹೊರಟಿದೀನಿ, ಅದಕ್ಕೇ ಬ್ಯಾಗಿನಲ್ಲಿದೆ. ಎಲ್ಲಿ ಮಲಗಿದರೂ ಇದು ಬೇಕು."

ದಾಮೋದರರು ಡಬ್ಬಿಯನ್ನು ನೋಡಿದರು. ಅವರ ಬಳಿ ಇನ್ನೂ ಒಂದು ಪ್ರಶ್ನೆ ಇತ್ತು. "ಇಷ್ಟೆಲ್ಲ ಉಂಟು ಅಂದ ಮೇಲೆ ಕೊಚ್ಚಿಯ ಡಾಕ್ಟ್ರು ಹೇಳ್ಬೇಕಿತ್ತಲ್ಲ?"

"ಹೇಳಿದ್ರು ಅಪ್ಪ," ಎಂದಳು ನಿಶ್ಮಿತಾ. "ಇದೇ ಹೇಳಿದ್ರು. ನಾನು ಕನ್ನಡಿ ನೋಡ್ತಾ ಇದ್ದೆ. ನೀವು ಹೊರಗೆ ಫೋನಲ್ಲಿದ್ರಿ."

ನೋಟೀಸಿನ ವಿಷಯ ಅಲ್ಲಿಗೇ ಮುಗಿಯಿತು.

ನಿಶ್ಮಿತಾ ತನ್ನ ಚಿಂತೆಯನ್ನು ಮುಂದಿಟ್ಟಳು. ರಿಟೇನರ್ ಹಾಕಿದರೆ ವಾರ್ತೆ ಓದುವುದು ಹೇಗೆ, 'ಸ' ಬರುವುದಿಲ್ಲವಲ್ಲ?

"ಅದು ಕೆಲವು ದಿನದ ತೊಂದರೆ ಅಷ್ಟೇ," ಎಂದರು ಅನ್ವಿತಾ. "ಬಾಯಲ್ಲಿ ಹೊಸ ವಸ್ತು ಬಂದಾಗ ನಾಲಿಗೆ ತಡವರಿಸತ್ತೆ. ದಿನಾ ಪೇಪರ್ ಜೋರಾಗಿ ಓದು. ತಾನಾಗೇ ದಾರಿಗೆ ಬರತ್ತೆ. ಎಂಜಲು ಬರೋದೂ ನಿಲ್ಲತ್ತೆ. ನಿನ್ನ ಧ್ವನಿಪರೀಕ್ಷೆ ಎಷ್ಟು ಹೊತ್ತಿನದು?"

"ಹತ್ತು ನಿಮಿಷ ಇರಬಹುದು."

"ಆ ಹತ್ತು ನಿಮಿಷ ತೆಗೆದು ಡಬ್ಬಿಯಲ್ಲಿಟ್ಟು, ಹೊರಗೆ ಬಂದ ಕೂಡಲೇ ಹಾಕ್ಕೊಂಡಿದ್ರೆ ಸಾಕಿತ್ತಲ್ಲ."

ಇಷ್ಟು ಸುಲಭದ ದಾರಿ ಒಂದಿತ್ತು, ಒಂದು ಫೋನ್ ಮಾಡಿ ಕೇಳಿದ್ದರೆ ಸಿಗುತ್ತಿತ್ತು ಎಂಬುದು ದಾಮೋದರರಿಗೆ ಆ ದಿನ ಕೇಳಿದ ಮಾತುಗಳಲ್ಲೆಲ್ಲ ಹೆಚ್ಚು ಕಹಿಯಾಗಿ ತೋರಿತು.

ಹಲ್ಲು ಇಷ್ಟು ಜರುಗಿದ ಮೇಲೆ ಹೊಸ ರಿಟೇನರ್ ಮಾಡಿಸಿದರೆ ಮಾತ್ರ ಸಾಲದು, ಮುಂದಿನ ಹಲ್ಲುಗಳಿಗೆ ಮತ್ತೆ ಕೆಲವು ತಿಂಗಳು ಕ್ಲಿಪ್ ಹಾಕಲೇಬೇಕು ಎಂದರು ಅನ್ವಿತಾ. ಎಡಪ್ಪಳ್ಳಿಯ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ ಹಳೆಯ ಎಕ್ಸ್-ರೇಗಳನ್ನು ತರಿಸಿಕೊಂಡರು. 'ಮತ್ತೆ ಕ್ಲಿಪ್' ಎಂಬ ಮಾತು ಕೇಳಿ ನಿಶ್ಮಿತಾ ಅತ್ತಳು. ಶಾಲೆಯಲ್ಲಿ ಹಾಕಿಕೊಂಡಾಗ ಜೊತೆಗೆ ಹಾಕಿಕೊಂಡವರು ಬೇಕಾದಷ್ಟು ಜನ ಇದ್ದರು. ಕಾಲೇಜಿನಲ್ಲಿ ಅವಳೊಬ್ಬಳೇ.

ಶನಿವಾರ ಸೌದಾಮಿನಿ ಕೊಚ್ಚಿಯಿಂದ ಬಂದಳು. ತನ್ನನ್ನು ಬೈಯುತ್ತಾಳೆ ಎಂದು ದಾಮೋದರರು ಕಾದಿದ್ದರು. ಅವಳು ಬೈಯಲಿಲ್ಲ. "ಕ್ಲಿಪ್ ಇದ್ದಾಗ ಪ್ರತಿ ಸಲವೂ ರಜೆ ಹಾಕಿ ಬಂದವಳು ನಾನು. ತೆಗೆಯುವ ದಿನ ಬರ್ಲಿಲ್ಲ. ಇನ್ನೆಂತ, ಮುಗೀತಲ್ಲ ಅಂತ ತಿಳ್ಕೊಂಡೆ" ಎಂದಳು. ಆಮೇಲೆ ಮಗಳ ಪಕ್ಕದಲ್ಲಿ ಕೂತು ತಲೆ ಸವರಿದಳು. "ನಿನ್ನ ವಾರ್ತೆ ಕೇಳುವವರಿಗೆ ನಿನ್ನ ಹಲ್ಲು ಕಾಣ್ತದಾ?" ನಿಶ್ಮಿತಾ ಕಣ್ಣೊರೆಸಿಕೊಂಡು ನಕ್ಕಳು.

ಮರುವಾರ ಕ್ಲಿಪ್ ಬಂತು. ಮೊದಲ ದಿನಗಳಲ್ಲಿ ವಾರ್ತೆ ಓದುವಾಗ ನಾಲಿಗೆ ಎಡವಿತು. ಬೆಳಿಗ್ಗೆ ಅಪ್ಪ ಕೋರ್ಟಿಗೆ ಹೊರಡುವ ಹೊತ್ತಿಗೆ ಅವಳು ಫೋನ್ ಮಾಡಿ ಮಲಯಾಳ ಪತ್ರಿಕೆಯನ್ನು ಜೋರಾಗಿ ಓದಿ ಹೇಳತೊಡಗಿದಳು. ದಾಮೋದರರು ಟೈ ಕಟ್ಟಿಕೊಳ್ಳುತ್ತ ಕೇಳಿ, "ಆ ಶಬ್ದ ಇನ್ನೊಮ್ಮೆ" ಎನ್ನುತ್ತಿದ್ದರು. ಸ್ವಲ್ಪ ದಿನಕ್ಕೇ ಮಾತು ಸಲೀಸಾಯಿತು. ಅಂಗುಳದ ಗಾಯ ಮಾಯಿತು. ಪೊರೋಟ ಮಾತ್ರ ಕೆಲವು ತಿಂಗಳು ಚೂರು ಚೂರಾಗಿಯೇ ತಿನ್ನಬೇಕಾಯಿತು.

ಎರಡನೆಯ ಸಲ ಕ್ಲಿಪ್ ತೆಗೆದದ್ದು ಮುಂದಿನ ಬೇಸಿಗೆಯಲ್ಲಿ. ಅಪ್ಪ, ಅಮ್ಮ, ಮಗಳು ಮೂವರೂ ಅನ್ವಿತಾ ಎದುರು ಕೂತರು. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ಒಂದು ಸಪೂರ ತಂತಿಯನ್ನು ಶಾಶ್ವತವಾಗಿ ಅಂಟಿಸಿದ್ದರು. ಮೇಲಿನ ಸಾಲಿಗೆ ತೆಗೆದು ಹಾಕುವ ರಿಟೇನರ್. ಬಿಟ್ಟು ಹೋದರೂ ಒಡೆದರೂ ಇರಲಿ ಎಂದು ಅದೇ ಅಳತೆಯದ್ದು ಇನ್ನೊಂದನ್ನೂ ಮಾಡಿಸಿದ್ದರು.

ಸೌದಾಮಿನಿಯ ಪ್ರಶ್ನೆಗಳು ಮುಗಿಯುವಂತಿರಲಿಲ್ಲ. "ತೊಳೆಯುವುದು ಹೇಗೆ ಡಾಕ್ಟ್ರೇ? ಹಲ್ಲಿನ ಪೇಸ್ಟ್ ಹಾಕಿ ಉಜ್ಜಿದ್ರೆ?"

"ಪೇಸ್ಟ್ ಬೇಡ, ಪ್ಲಾಸ್ಟಿಕ್ ಮೇಲೆ ಗೀರು ಬೀಳತ್ತೆ. ಗೀರಿನಲ್ಲಿ ಕೊಳೆ ಸೇರ್ಕೊಂಡು ವಾಸನೆ ಬರತ್ತೆ. ಬಾಯಿಂದ ತೆಗೆದ ಕೂಡಲೇ ತಣ್ಣೀರಿನಲ್ಲಿ ತೊಳೀಬೇಕು. ದಿನಕ್ಕೊಂದು ಸಲ ಮೆತ್ತಗಿನ ಬ್ರಷ್ ಮೇಲೆ ಒಂದು ತೊಟ್ಟು ಸೌಮ್ಯವಾದ ದ್ರವ ಸೋಪು ಹಾಕಿ ಉಜ್ಜಿದ್ರೆ ಆಯ್ತು. ಬಿಳಿ ಕಿಟ್ಟ ಕಟ್ಟಿದ್ರೆ ಅದಕ್ಕೇ ಅಂತ ಮಾತ್ರೆಗಳು ಬರತ್ತೆ, ನೀರಲ್ಲಿ ಹಾಕಿ ನೆನೆಸೋದು. ನಮ್ಮನ್ನ ಕೇಳಿ ತಗೊಳ್ಳಿ."

"ಬಿಸಿನೀರು ಬೇಡ," ಎಂದಳು ನಿಶ್ಮಿತಾ ಮೆಲ್ಲಗೆ.

"ಬೇಡವೇ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲೂ ಬಿಟ್ಟು ಹೋಗಬೇಡ. ಇದನ್ನ ಹಾಕ್ಕೊಂಡು ನೀರು ಮಾತ್ರ ಕುಡೀಬಹುದು. ಚಹಾ, ಜ್ಯೂಸ್ ಏನೇ ಆದ್ರೂ ತೆಗೆದಿಟ್ಟು ಕುಡಿ. ಹಾಕುವಾಗ ಬೆರಳಿಂದ ಒತ್ತಿ ಕೂರಿಸು, ಹಲ್ಲಿಂದ ಕಚ್ಚಬೇಡ. ನಾಲಿಗೆಯಿಂದ ಆಡಿಸೋ ಅಭ್ಯಾಸ ಬೇಡ."

"ಕೆಳಗಿನ ತಂತಿ?" ಎಂದು ಈ ಸಲ ಕೇಳಿದ್ದು ದಾಮೋದರರು.

"ಅದರ ಸಂದಿಯಲ್ಲಿ ಆಹಾರ ಸಿಕ್ಕಿಕೊಳ್ಳತ್ತೆ ಸಾರ್. ಸಂದಿಗೆ ಹೋಗೋ ಸಣ್ಣ ಬ್ರಷ್ ಕೊಡ್ತೀನಿ, ದಿನಾ ಉಪಯೋಗಿಸಬೇಕು. ತಂತಿ ಎಲ್ಲಾದರೂ ಬಿಟ್ಟು ಬಂದರೆ ನೋವಿಲ್ಲ ಅಂತ ಸುಮ್ಮನಿರಬೇಡಿ."

"ಅಕಸ್ಮಾತ್ ಒಂದೆರಡು ದಿನ ಹಾಕ್ಲಿಕ್ಕೆ ಮರೆತು ಹೋದ್ರೆ?"

"ಹಾಕಿ ನೋಡಬೇಕು. ಬಿಗಿ ಅನ್ನಿಸಿದ್ರೆ ಹಲ್ಲು ಜರುಗೋಕೆ ಶುರುವಾಗಿದೆ ಅಂತ ಅರ್ಥ. ಪೂರ್ತಿ ಕೂರ್ತಿದ್ರೆ ಹಾಕ್ಕೊಂಡು ನನಗೆ ಫೋನ್ ಮಾಡಿ. ಕೂರದೇ ಇದ್ರೆ ಬಲವಂತ ಮಾಡ್ಬೇಡಿ, ಅಂಟು ಹಾಕಿ ರಿಪೇರಿನೂ ಮಾಡ್ಬೇಡಿ. ತಕ್ಷಣ ಬನ್ನಿ. ಬೇಗ ಬಂದ್ರೆ ಸುಲಭದಲ್ಲಿ ಸರಿಹೋಗತ್ತೆ. ತಡವಾದ್ರೆ ಏನಾಗತ್ತೆ ಅಂತ ನಿಮಗೆ ಗೊತ್ತು."

ಮರುದಿನ ಬೆಳಗಿನ ರೈಲಿಗೆ ಮೂವರೂ ಕೊಚ್ಚಿಗೆ ಹೊರಟರು. ಕೊಲ್ಲಂ ದಾಟಿದ ಮೇಲೆ ತಿಂಡಿ ಬಂತು. ನಿಶ್ಮಿತಾ ರಿಟೇನರ್ ತೆಗೆದಳು. ಡಬ್ಬಿ ಮೇಲಿನ ಹಲಗೆಯಲ್ಲಿದ್ದ ಬ್ಯಾಗಿನೊಳಗಿತ್ತು. ಈಗ ಏಳುವುದು ಯಾಕೆ ಎಂದು ಅವಳು ಅದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ತಟ್ಟೆಯ ಮೂಲೆಯಲ್ಲಿಟ್ಟು ಉಪ್ಪಿಟ್ಟು ತಿಂದಳು. ಆಮೇಲೆ ಕಿಟಕಿಗೆ ಒರಗಿ ಹಿನ್ನೀರು ನೋಡುತ್ತ ಕೂತಳು. ರೈಲಿನವನು ಬಂದು ಖಾಲಿ ತಟ್ಟೆಗಳನ್ನೆಲ್ಲ ದೊಡ್ಡ ಕರಿ ಚೀಲಕ್ಕೆ ಸುರಿದುಕೊಂಡು ಮುಂದೆ ಹೋದ.

"ರಿಟೇನರ್ ಎಲ್ಲಿ?" ಎಂದು ಕೇಳಿದವರು ದಾಮೋದರರು.

ನಿಶ್ಮಿತಾ ಎದ್ದು ಕೂಗಿದಳು. "ಚೇಟ್ಟಾ! ಒರು ಮಿನಿಟ್!" ಅಣ್ಣಾ, ಒಂದು ನಿಮಿಷ.

ರೈಲಿನವನು ನಿಂತ. ಬೋಗಿಯ ಜನರೆಲ್ಲ ತಿರುಗಿ ನೋಡಿದರು. ದಾಮೋದರರು ಅಂಗಿಯ ತೋಳು ಮಡಿಚಿ, ಚೀಲದ ಮುಂದೆ ಮೊಣಕಾಲೂರಿ, ಸಾಂಬಾರು ಮೆತ್ತಿದ ಕಾಗದಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಕೊಚ್ಚಿಯ ಕೋರ್ಟಿನಲ್ಲಿ ಅವರನ್ನು ಬಲ್ಲವರು ಯಾರಾದರೂ ಆ ಬೋಗಿಯಲ್ಲಿದ್ದರೆ ನಂಬುತ್ತಿರಲಿಲ್ಲ. ಸೌದಾಮಿನಿ ಟಾರ್ಚು ಹಿಡಿದಳು. ಕೊನೆಗೆ ಒಂದು ಕಾಗದದ ಮುದ್ದೆಯೊಳಗೆ ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು.

ಪಕ್ಕದ ಸೀಟಿನ ಗಂಡಸೊಬ್ಬರು ಇವರ ಕನ್ನಡ ಕೇಳಿ ಕನ್ನಡದಲ್ಲೇ ವಿಚಾರಿಸಿದರು. "ಏನು ಸಾರ್, ಚಿನ್ನದ್ದೇನಾದರೂ ಬಿದ್ದಿತ್ತಾ?"

"ಅಲ್ಲ, ಮಗಳ ಹಲ್ಲಿನ ರಿಟೇನರ್," ಎಂದರು ದಾಮೋದರರು. ಒಡೆದಿರಲಿಲ್ಲ. ನಿಶ್ಮಿತಾ ಅದನ್ನು ತೆಗೆದುಕೊಂಡು ಹೋಗಿ ತಣ್ಣೀರಿನಲ್ಲಿ ತೊಳೆದು ಡಬ್ಬಿಯಲ್ಲಿಟ್ಟಳು, ಬ್ಯಾಗಿನಲ್ಲಿದ್ದ ಇನ್ನೊಂದನ್ನು ಬಾಯಿಗೆ ಹಾಕಿಕೊಂಡಳು. ಕೊಚ್ಚಿ ತಲುಪಿ ಸೋಪು ಹಾಕಿ ಚೆನ್ನಾಗಿ ತೊಳೆಯುವವರೆಗೆ ಆ ಮೊದಲನೆಯದ್ದು ಡಬ್ಬಿ ಬಿಟ್ಟು ಹೊರಗೆ ಬರುವಂತಿರಲಿಲ್ಲ.

ಆ ಪ್ರಯಾಣಿಕರ ಹೆಸರು ಗಣೇಶಪ್ರಸಾದ್. ಪುತ್ತೂರಿನವರು, ಎರ್ನಾಕುಳಂನಲ್ಲಿ ಬ್ಯಾಂಕ್ ಉದ್ಯೋಗಿ. "ನನ್ನ ಮಗ ಸಮರ್ಥನಿಗೂ ಹೋದ ತಿಂಗಳು ಕ್ಲಿಪ್ ತೆಗೆದ್ರು," ಎಂದರು ಅವರು. "ಅವನಿಗೂ ಇಂಥದ್ದೇ ಒಂದು ಕೊಟ್ಟಿದ್ದಾರೆ. ಅವನು ಹಾಕೋದಿಲ್ಲ ಅಂತಾನೆ. ನಾನೂ ಬಿಟ್ಟುಬಿಟ್ಟೆ. ಹಲ್ಲು ಸರಿಯಾಯ್ತಲ್ಲ, ಇನ್ನೇನು ಅಂತ."

ದಾಮೋದರರು ಕೈ ತೊಳೆದು ಬಂದು ಗಣೇಶಪ್ರಸಾದರ ಪಕ್ಕದ ಖಾಲಿ ಸೀಟಿನಲ್ಲಿ ಕೂತರು. ಎಳೆಗಳ ವಿಷಯ ಹೇಳಿದರು, ಎಲುಬಿನ ವಿಷಯ ಹೇಳಿದರು. ತಾನು ಫೋನಿನಲ್ಲಿ ಆಡಿದ ಜಾಣ ಮಾತನ್ನೂ ಬಿಡದೆ ಹೇಳಿದರು. ನಿಶ್ಮಿತಾ ಬಂದು ಎರಡನೆಯ ಸಲದ ಕ್ಲಿಪ್ಪಿನ ಕಥೆ ಹೇಳಿದಳು. ರಿಟೇನರ್ ಬಾಯಲ್ಲಿಟ್ಟುಕೊಂಡೇ ಹೇಳಿದಳು. ಒಂದೆರಡು 'ಸ' ಮಾತ್ರ ತಪ್ಪಿತು.

"ಈಗ ಆ ಡಬ್ಬಿ ಎಲ್ಲುಂಟು?" ಎಂದು ದಾಮೋದರರು ಕೇಳಿದರು.

"ಟಿವಿ ಹತ್ತಿರ ಎಲ್ಲೋ ನೋಡಿದ ಹಾಗೆ," ಎಂದರು ಗಣೇಶಪ್ರಸಾದ್.

"ಮನೆಗೆ ಫೋನ್ ಮಾಡಿ."

"ಈಗಲೇ?"

"ಈಗಲೇ. ನನಗೆ ಯಾರೂ ಹೀಗೆ ಹೇಳ್ಲಿಲ್ಲ ಅಂತ ಹೇಳುವ ಹಾಗಿಲ್ಲ. ಹೇಳಿದ್ರು, ನಾನು ಕೇಳ್ಲಿಲ್ಲ. ನೀವು ಕೇಳಿ."

ಗಣೇಶಪ್ರಸಾದ್ ಫೋನ್ ತೆಗೆದರು. "ಸಮರ್ಥ್, ಆ ಡಬ್ಬಿ ಹುಡುಕು. ಹಾಕಿ ನೋಡು, ಸರಿಯಾಗ್ತದಾ ಹೇಳು." ಆ ಕಡೆ ಹುಡುಕಾಡುವ ಸದ್ದು. ಆಮೇಲೆ ಹುಡುಗನ ಧ್ವನಿ ಪಕ್ಕದ ಸೀಟಿಗೂ ಕೇಳಿತು. "ಬಿಗಿ ಉಂಟು ಅಪ್ಪ. ಆದ್ರೆ ಕೂರ್ತದೆ."

"ತೆಗೀಬೇಡ," ಎಂದರು ಗಣೇಶಪ್ರಸಾದ್. "ಸಾಯಂಕಾಲ ಡಾಕ್ಟ್ರ ಹತ್ರ ಹೋಗುವ."

ಓದುಗರೇ, ಕೇಳುಗರೇ, ಸಮರ್ಥನಿಗೆ ಸಮಯ ಮೀರಿರಲಿಲ್ಲ. ನಿಮ್ಮ ಮನೆಯಲ್ಲೂ ಹಲ್ಲಿಗೆ ಕ್ಲಿಪ್ ಹಾಕಿಸಿ ತೆಗೆಸಿದವರು ಇರಬಹುದು. ಮಗ, ಮಗಳು, ಅಕ್ಕ, ತಂಗಿ, ಬಹುಶಃ ನೀವೇ. ಕ್ಲಿಪ್ ತೆಗೆದ ದಿನ ಚಿಕಿತ್ಸೆ ಮುಗಿಯುವುದಿಲ್ಲ. ಹಲ್ಲನ್ನು ಸರಿಸುವುದು ವೈದ್ಯರ ಕೆಲಸ. ಸರಿದ ಜಾಗದಲ್ಲಿ ಉಳಿಸಿಕೊಳ್ಳುವುದು ನಮ್ಮ ಕೆಲಸ. ನಿಮ್ಮ ವೈದ್ಯರು ಹೇಳಿದಷ್ಟು ಕಾಲ ರಿಟೇನರ್ ಹಾಕಿ. ಅದರಿಂದ ಏನು ತೊಂದರೆಯಾದರೂ, ತೆಗೆದಿಡುವ ಮೊದಲು ವೈದ್ಯರನ್ನು ಕೇಳಿ.

ಈ ಕಥೆ ಮುಗಿದ ಕೂಡಲೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ರಿಟೇನರ್ ಈಗ ಎಲ್ಲಿದೆ ನೋಡಿ. ಬಾಯಲ್ಲಿದ್ದರೆ ಒಳ್ಳೆಯದು. ಡಬ್ಬಿಯಲ್ಲಿದ್ದರೆ, ಯಾಕೆ ಎಂದು ಕೇಳಿ. ಎರಡೂ ಕಡೆ ಇಲ್ಲದಿದ್ದರೆ, ನಾಳೆ ಬೆಳಿಗ್ಗೆಯೇ ವೈದ್ಯರಲ್ಲಿಗೆ ಹೊರಡಿ.